ಮುಳ್ಳಣ್ಣನ ಅಂಗಡಿಯಲ್ಲಿ ಆರು ಗಂಟೆ

ಅಂಗಡಿಗೆ ಬಂದು ಯಾರಾದರೂ ಗಂಟೆ ಎಷ್ಟಾಯಿತು ಎಂದು ಕೇಳಿದರೆ ಮುಳ್ಳಣ್ಣ ತಲೆ ಎತ್ತದೆ ಹೇಳುತ್ತಿದ್ದ: "ಇಲ್ಲಿ ಕೇಳ್ಬೇಡಿ. ಎದುರುಗಡೆ ಪಾತ್ರೆ ಅಂಗಡೀಲಿ ಕೇಳಿ."

ಮಾತು ನಿಜವಾಗಿತ್ತು. ಅವನ ಅಂಗಡಿಯ ಮೂರು ಗೋಡೆಗಳ ಮೇಲೆ ನಲವತ್ತಕ್ಕೂ ಹೆಚ್ಚು ಗಡಿಯಾರಗಳಿದ್ದವು; ಒಂದೊಂದರದು ಒಂದೊಂದು ಹೊತ್ತು. ರಿಪೇರಿಗೆ ಬಂದವು, ರಿಪೇರಿಯಾದ ಮೇಲೆ ಓಡಿಸಿ ನೋಡಲು ತೂಗುಹಾಕಿದವು, ಕೊಟ್ಟವರು ಮರೆತೇಬಿಟ್ಟವು. ಒಂದು ಮೂರು ಹೊಡೆದು ಮುಗಿಸುವಷ್ಟರಲ್ಲಿ ಇನ್ನೊಂದು ಹನ್ನೊಂದು ಹೊಡೆಯಲು ಶುರುಮಾಡುತ್ತಿತ್ತು. ಹೊಸಬರು ಬೆಚ್ಚಿಬೀಳುತ್ತಿದ್ದರು. ನಾನು ಹದಿನೆಂಟು ವರ್ಷ ಪ್ರತಿ ಸಂಜೆ ಅಲ್ಲಿ ಹೋಗಿ ಕೂತಿದ್ದೇನೆ. ನನ್ನ ಕಿವಿಗೆ ಅದು ಯಾವುದೂ ಬೀಳುತ್ತಿರಲಿಲ್ಲ.

ಅವನನ್ನು ಗಲ್ಲಿಗೇರಿಸಿ ಮೂರು ವರ್ಷವಾಯಿತು. ಒಂದು ಶನಿವಾರ ಸಂಜೆ ಆರು ಗಂಟೆಗೆ ಅವನು ಎಲ್ಲಿದ್ದ ಎಂಬ ಒಂದೇ ಪ್ರಶ್ನೆಯ ಮೇಲೆ ಅವನ ಜೀವ ನಿಂತಿತ್ತು. ಅವನು ಅಂಗಡಿಯಲ್ಲಿದ್ದ. ನಾನೂ ಅಲ್ಲೇ ಇದ್ದೆ. ಆದರೂ ಅವನನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ. "ನಿಂಗೆ ಬರೆಯೋಕೆ ಬರತ್ತೆ, ಅವನದ್ದೊಂದಿಷ್ಟು ಬರೆದಿಡು. ಪೇಪರಿನಲ್ಲಿ ಬಂದಿದ್ದು ಬಿಟ್ಟರೆ ಅವನ ವಿಷಯ ಬೇರೆ ಎಲ್ಲೂ ಇಲ್ಲ" ಎಂದು ಅವನ ಅಕ್ಕ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮುಳ್ಳಣ್ಣ ಎಂಬುದು ಬೀದಿ ಇಟ್ಟ ಹೆಸರು. ಗಡಿಯಾರದ ಮುಳ್ಳು ಸರಿಮಾಡುವವನಾದ್ದರಿಂದ ಮುಳ್ಳಣ್ಣ. ಕುಳ್ಳಗಿದ್ದ. ಸದಾ ಒಂದು ಕಂದು ಕೋಟು. ಅದರ ತೋಳುಗಳಿಂದ ಪೆಟ್ರೋಲ್ ವಾಸನೆ ಹೋದದ್ದೇ ಇಲ್ಲ, ಏಕೆಂದರೆ ಗಾಲಿಗಳನ್ನೆಲ್ಲ ಅವನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಕೈಗಡಿಯಾರದ ಬೆನ್ನ ಮುಚ್ಚಳ ಎಬ್ಬಿಸಲೆಂದು ಎಡಗೈ ಹೆಬ್ಬೆರಳ ಉಗುರನ್ನು ಬೆಳೆಸಿದ್ದ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂಡಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಎದುರಿಗಿದ್ದ ಗಿರಾಕಿಯೂ ಗೊತ್ತಿಲ್ಲದೆ ಉಸಿರು ಹಿಡಿಯುತ್ತಿದ್ದ. ಆಮೇಲೆ ಇಬ್ಬರೂ ಒಟ್ಟಿಗೇ ಬಿಡುತ್ತಿದ್ದರು.

ಮದುವೆಯಾಗಲಿಲ್ಲ. ಕೇಳಿದವರಿಗೆ, "ಎರಡು ಮುಳ್ಳು ದಿನಕ್ಕೆ ಇಪ್ಪತ್ತೆರಡು ಸಲ ಒಂದರ ಮೇಲೊಂದು ಬರ್ತವೆ ಸ್ವಾಮಿ, ಲೆಕ್ಕ ಹಾಕಿ ನೋಡಿ. ನನ್ನ ಜಾತಕದಲ್ಲಿ ಒಂದ್ಸಲಾನೂ ಬರಲಿಲ್ಲ" ಎನ್ನುತ್ತಿದ್ದ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಅಕ್ಕ ಶಾಲೆಯ ಸಮವಸ್ತ್ರ ಹೊಲಿದು ಅವನನ್ನು ಸಾಕಿದರು. ಕಸುಬು ಕಲಿಸಿದ್ದು ತಂದೆ. ಹತ್ತು ವರ್ಷದವನಿದ್ದಾಗ ಒಂದು ಹಳೆಯ ಗಡಿಯಾರದ ಅಲ್ಲಾಡುವ ಗೂಟಕ್ಕೆ ಬೆಸುಗೆ ಹಾಕಿ, ಶಹಬ್ಬಾಸ್ ಅನ್ನಿಸಿಕೊಳ್ಳಲು ತಂದೆಯ ಮುಂದೆ ಹಿಡಿದನಂತೆ. ಕಪಾಳಕ್ಕೆ ಬಿತ್ತು. "ನಾಳೆ ಇದು ತಪ್ಪು ಅಂತ ಗೊತ್ತಾದ್ರೆ ಹೇಗೆ ಬಿಚ್ತೀಯ?" ಅಂದಿನಿಂದ ಅವನಿಗೆ ಅದೊಂದೇ ಶಾಸ್ತ್ರ: ಬಿಚ್ಚಲಾಗದ ಹಾಗೆ ಏನನ್ನೂ ಕೂಡಿಸಬಾರದು. ಬೆಸುಗೆಯಿಲ್ಲ, ಅಂಟಿಲ್ಲ, ಅರದಿಂದ ಉಜ್ಜಿ ಸವೆಸುವುದಿಲ್ಲ. ತಿರುಪು ಹಾಕಿದರೆ ಸಾಕು. ತಪ್ಪಾದರೆ ತಿರುಗಿಸಿ ತೆಗೆಯಬಹುದು.

ನಾನು ಅದೇ ಬೀದಿಯ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅವನ ಬಾಯಲ್ಲಿ ನಾನು 'ಕರಡಿ'. ಪ್ರೆಸ್ಸಿನಲ್ಲಿ ಯಂತ್ರಗಳ ಗಲಾಟೆ ಹೆಚ್ಚಾದ್ದರಿಂದ ಸಂಜೆಯ ಕರಡುಗಳನ್ನು ಚೀಲಕ್ಕೆ ತುಂಬಿಕೊಂಡು ಅವನ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ತಿದ್ದುತ್ತಿದ್ದೆ. ಅವನ ಕಣ್ಣಿಗೆ ಭೂತಗನ್ನಡಿ, ನನ್ನ ಕೈಯಲ್ಲಿ ಕೆಂಪು ಪೆನ್ಸಿಲ್. ಎಷ್ಟೋ ಸಂಜೆ ಎರಡು ಮಾತೂ ಆಡದೆ ಎದ್ದು ಬಂದಿದ್ದೇನೆ. ಅಂಥ ಸಂಜೆಗಳೇ ಚೆನ್ನಾಗಿದ್ದವು.

ಎರಡು ಬೀದಿ ಆಚೆ, ಮಹಡಿ ಮೆಟ್ಟಿಲಿನ ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ ಇದ್ದರು. ನನಗೂ ಅವನಿಗೂ ಮಗ್ಗಿ ಕಲಿಸಿದವರು. ಅವರ ಮನೆಯಲ್ಲಿ ಆಳೆತ್ತರದ ಒಂದು ಗಡಿಯಾರವಿತ್ತು. ಅದಕ್ಕೆ ಎಂಟು ದಿನಕ್ಕೊಮ್ಮೆ ಕೀಲಿ ಕೊಡಬೇಕು. ಪ್ರತಿ ಶನಿವಾರ ಬೆಳಿಗ್ಗೆ ಮುಳ್ಳಣ್ಣ ಹೋಗಿ ಕೀಲಿ ಕೊಟ್ಟು, ಅದರೊಳಗೆ ಭಾರಕ್ಕೆ ತೂಗುಹಾಕಿದ ಹಿತ್ತಾಳೆಯ ಗುಂಡುಗಳನ್ನು ಒರೆಸಿ, ಲೋಲಕ ನೋಡಿ ಬರುತ್ತಿದ್ದ. ಹೊತ್ತುಕೊಂಡು ತಿರುಗುವುದೇಕೆಂದು ಒಂದು ಸ್ಕ್ರೂಡ್ರೈವರನ್ನು ಆ ಗಡಿಯಾರದ ಪೆಟ್ಟಿಗೆಯೊಳಗೇ ಇಟ್ಟಿದ್ದ. ಒಂದು ವಾರ ಗಡಿಯಾರ ನಿಧಾನವಾಯಿತೆಂದು ಟೀಚರಮ್ಮ ಹಳೆಯ ಗತ್ತಿನಲ್ಲೇ ಬೈದಾಗ, ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ ಅವನು ನಗುತ್ತ ಹೇಳಿದ: "ಗಡಿಯಾರಕ್ಕೇನೂ ಆಗಿಲ್ಲ ಟೀಚರಮ್ಮ, ನಿಮ್ಮ ಟೈಮೇ ಸರಿ ಇಲ್ಲ."

ಮುಂದಿನ ಶನಿವಾರ ಸಂಜೆ ಯಾರೋ ಅವರ ಮನೆಗೆ ನುಗ್ಗಿ, ಆ ಹಿತ್ತಾಳೆ ಗುಂಡನ್ನೇ ಕಿತ್ತು ಅವರ ತಲೆಗೆ ಹೊಡೆದು ಕೊಂದರು. ಮಹಡಿಯ ಹೆಂಗಸಿಗೆ ಕೂಗು ಕೇಳಿದ್ದು ಮಿಲ್ಲಿನ ಸೈರನ್ ಊದುವಾಗ, ಅಂದರೆ ಸರಿಯಾಗಿ ಆರಕ್ಕೆ. ಆಕೆ ಬಗ್ಗಿ ನೋಡಿದಾಗ ಕಂದು ಕೋಟಿನ ಬೆನ್ನೊಂದು ಬೀದಿಗಿಳಿಯುತ್ತಿತ್ತು. "ಮುಳ್ಳಣ್ಣನ ಥರ ಇದ್ದ" ಎಂದಳು ಆ ರಾತ್ರಿ. ಠಾಣೆಯ ಕಾಗದದಲ್ಲಿ ಅದು "ಮುಳ್ಳಣ್ಣನೇ" ಎಂದಾಯಿತು. ಒಂದು ಸಲ ಸಹಿ ಹಾಕಿದ ಮೇಲೆ ಆಕೆಗೂ ಅದೇ ನೆನಪಾಗಿ ನಿಂತಿತು. ಆಕೆ ಸುಳ್ಳಿ ಎಂದು ನಾನು ಹೇಳಲಾರೆ. ನಾವೆಲ್ಲ ಅಚ್ಚಾದದ್ದನ್ನು ಹಾಗೆಯೇ ನಂಬುತ್ತೇವೆ.

ಗುಂಡಿನ ಮೇಲೆ ಅವನ ಬೆರಳಚ್ಚು. ಪೆಟ್ಟಿಗೆಯಲ್ಲಿ ಅವನ ಸ್ಕ್ರೂಡ್ರೈವರ್. ನೆರೆಯವರ ಬಾಯಲ್ಲಿ ಅವನ ತಮಾಷೆ, ಈಗ ಬೆದರಿಕೆಯಾಗಿ. ಇನ್ನೇನು ಬೇಕು?

ಮುಳ್ಳಣ್ಣ ಪೊಲೀಸರಿಗೆ ಹೇಳಿದ್ದು ಇಷ್ಟು. ಆ ಹೊತ್ತಿನಲ್ಲಿ ಸೂಟ್‌ಕೇಸ್ ಹಿಡಿದ ಪರಊರಿನವರೊಬ್ಬರು ಅಂಗಡಿಯಲ್ಲಿದ್ದರು. ರೈಲಿಗೆ ಹೋಗುವ ಅವಸರದಲ್ಲಿ ಕೈಗಡಿಯಾರ ರಿಪೇರಿಗೆ ಕೊಟ್ಟು ಕಾದರು. "ಆ ವಾಚು ಹುಡುಕಿ. ಮುಚ್ಚಳದ ಒಳಗೆ ತಾರೀಕು, ಗಂಟೆ ಗೀರಿದ್ದೀನಿ." ಅದು ಆ ಕಸುಬಿನವರ ರೂಢಿ. ವಾಚು ಕಟ್ಟಿಕೊಂಡವರಿಗೇ ಅದು ಗೊತ್ತಿರುವುದಿಲ್ಲ. ಮುಚ್ಚಳ ಮುಚ್ಚುವ ಮೊದಲು ಸೂಜಿಯಿಂದ ಒಳಗೆ ಸಣ್ಣದಾಗಿ ಬರೆಯುತ್ತಾರೆ; ಮುಂದೆ ಮತ್ತೆ ಬಿಚ್ಚಿದವನಿಗೆ ಯಾರು ಯಾವಾಗ ಕೈಹಾಕಿದ್ದರೆಂದು ತಿಳಿಯಲಿ ಎಂದು. ಮುಳ್ಳಣ್ಣನದು ಮುಳ್ಳುಗಳಂತೆ ಕೂಡುವ ಎರಡು ಗೀಟು, ಪಕ್ಕದಲ್ಲಿ ತಾರೀಕು, ಓಡಿಸಲು ಶುರುಮಾಡಿದ ಹೊತ್ತು.

ಪೊಲೀಸರು ಹುಡುಕಲಿಲ್ಲ. ಪತ್ರಿಕೆಯಲ್ಲಿ ಮೂರು ಸಲ ಜಾಹೀರಾತು ಹಾಕಿಸಿದೆವು. ಯಾರೂ ಬರಲಿಲ್ಲ. ಉಳಿದ ಸಾಕ್ಷಿ ನಾನೊಬ್ಬನೇ.

ಕಟಕಟೆಯಲ್ಲಿ ಸರ್ಕಾರಿ ವಕೀಲರು ನನ್ನನ್ನು ಬಹಳ ಮರ್ಯಾದೆಯಿಂದಲೇ ಕೇಳಿದರು.

"ಅಂಗಡಿಯಿಂದ ನೀವು ಹೊರಟಾಗ ಎಷ್ಟು ಗಂಟೆ?"

"ಆರೂ ಕಾಲು."

"ಹೇಗೆ ಗೊತ್ತು?"

"ಗಡಿಯಾರ ನೋಡಿದೆ."

"ಯಾವ ಗಡಿಯಾರ?"

ಅಂಗಡಿಯ ಗೋಡೆಗಳ ದೊಡ್ಡದೊಂದು ಫೋಟೋವನ್ನು ನನ್ನ ಮುಂದೆ ಹಿಡಿದರು. ನಲವತ್ತಮೂರು ಗಡಿಯಾರ, ಅವರು ಎಣಿಸಿಯೇ ತಂದಿದ್ದರು. "ಇದರಲ್ಲಿ ಯಾವುದು? ಬೆರಳಿಟ್ಟು ತೋರಿಸಿ."

ನಾನು ಹುಡುಕಿದೆ. ಒಂದು ಎರಡೂವರೆ ತೋರಿಸುತ್ತಿತ್ತು, ಒಂದು ಹನ್ನೆರಡು, ಒಂದಕ್ಕೆ ಮುಳ್ಳೇ ಇರಲಿಲ್ಲ. ಹದಿನೆಂಟು ವರ್ಷ ಕೂತ ಜಾಗದಲ್ಲಿ ಸರಿಯಾದ ಗಡಿಯಾರ ಯಾವುದೆಂದು ನನಗೆ ಗೊತ್ತಿರಲಿಲ್ಲ. "ಹೇಳಲಾರೆ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಹಿಡಿದರು.

"ಹೋಗಲಿ ಬಿಡಿ. ಮಿಲ್ಲಿನ ಸೈರನ್ ಊರಿಗೆಲ್ಲ ಕೇಳತ್ತೆ. ಅದು ಊದಿದಾಗ ನೀವು ಅಂಗಡೀಲಿದ್ರಾ?"

"ಊದಿದ್ದು ಕೇಳಿದ ನೆನಪಿಲ್ಲ."

"ಆ ಸೂಟ್‌ಕೇಸಿನವರು?"

"ಯಾರೋ ಬಂದಿದ್ದರು. ಮುಖ ನೋಡಲಿಲ್ಲ. ನಾನು ಕರಡು ತಿದ್ದುತ್ತಿದ್ದೆ."

'ಕೇಳಿದೆ' ಎಂದು ಒಂದೇ ಒಂದು ಮಾತು ಹೇಳಬಹುದಿತ್ತು. ಆ ಕ್ಷಣದಲ್ಲೂ ಅದು ನನಗೆ ಹೊಳೆದಿತ್ತು. ಆದರೆ ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದೆಂದು ಇಪ್ಪತ್ತೈದು ವರ್ಷ ತಿದ್ದಿ ತಿದ್ದಿ ಕೈ ಹಾಗೆ ಬಂದುಬಿಟ್ಟಿತ್ತು. ನನ್ನ ನೆನಪಿನ ಪುಟದಲ್ಲಿ ಸೈರನ್ ಇರಲಿಲ್ಲ. ದಿನಾ ಕೇಳುವವನಿಗೆ ಅದು ಕೇಳುವುದಿಲ್ಲ ಎಂಬ ಸರಳ ವಿಷಯವೂ ಅಲ್ಲಿ ನನ್ನ ಬಾಯಿಗೆ ಬರಲಿಲ್ಲ.

ಹೊರಗೆ ಕರೆದೊಯ್ಯುವಾಗ ಮುಳ್ಳಣ್ಣ, ಪೊಲೀಸಿನವನ ಭುಜದ ಮೇಲಿಂದ ನನ್ನನ್ನು ನೋಡಿ, "ಮುಖ ಯಾಕೋ ಹಾಗೆ ಮಾಡ್ಕೊಂಡಿದ್ದೀಯ ಕರಡಿ, ನೀನೇನು ಸುಳ್ಳು ಹೇಳಿದ್ಯಾ?" ಎಂದ.

ಮರಣದಂಡನೆ ಆಯಿತು. ನಂಬಿದ ವೃದ್ಧೆಯನ್ನು ಅವಳ ಮನೆಯಲ್ಲೇ ಕೊಂದವನು ಎಂದು ತೀರ್ಪಿನಲ್ಲಿ ಬರೆದಿದ್ದರು. ಸೂಟ್‌ಕೇಸಿನವರ ಬಗ್ಗೆ ಒಂದೇ ಸಾಲು: ಅಂಥ ವ್ಯಕ್ತಿಯೊಬ್ಬ ಇದ್ದನೆಂದು ನಂಬಲು ಆಧಾರವಿಲ್ಲ. ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿ ಹದಿನಾಲ್ಕು ತಿಂಗಳು ಎಲ್ಲೋ ಕೂತಿದ್ದು, 'ಪರಿಶೀಲಿಸಿ ತಿರಸ್ಕರಿಸಲಾಗಿದೆ' ಎಂದು ಮರಳಿತು.

ತಿಂಗಳಿಗೊಮ್ಮೆ ನಾನೂ ಅಕ್ಕನೂ ಜೈಲಿಗೆ ಹೋಗುತ್ತಿದ್ದೆವು. ಎರಡು ಜಾಲರಿಗಳ ನಡುವೆ ಒಂದು ಮೊಳ ಜಾಗ, ಜೋರಾಗಿ ಮಾತಾಡಬೇಕು. ಅಕ್ಕ ಪ್ರತಿ ಸಲವೂ ಊಟ ಮಾಡಿದೆಯಾ, ನಿದ್ದೆ ಬರುತ್ತದಾ ಎಂದು ಕೇಳುತ್ತಿದ್ದರು. ಒಂದು ಸಲ ಮಾತ್ರ, ಎರಡನೆಯ ವರ್ಷ, ಬೇರೆಯದನ್ನು ಕೇಳಿದರು. "ಪುಟ್ಟ, ಸಿಟ್ಟಿನಲ್ಲಿ... ಕೈತಪ್ಪಿ ಏನಾದ್ರೂ... ನನ್ನ ಹತ್ರ ಹೇಳೋ." ಅವನು ಎರಡೂ ಅಂಗೈಯನ್ನು ಜಾಲರಿಗೆ ಒತ್ತಿ ಹಿಡಿದ. ಆಮೇಲೆ, "ಇಲ್ಲ ಅಕ್ಕ. ನನ್ನ ಕೈ ತಪ್ಪಲ್ಲ. ನಿಂಗೆ ಗೊತ್ತಲ್ಲ" ಎಂದ. ಅಕ್ಕ ದಾರಿಯುದ್ದಕ್ಕೂ ಸೆರಗು ಬಾಯಿಗೊತ್ತಿಕೊಂಡೇ ಬಂದರು.

ನಾನೂ ಒಂದು ದಿನ ಕೇಳಿದೆ: "ಅಂಗಡೀಲಿ ಸರಿಯಾದ ಗಡಿಯಾರ ಯಾವುದೋ?"

ಅವನು ನಕ್ಕ. "ಮೇಜಿನ ಕೆಳಗೆ, ನನ್ನ ಮೊಣಕಾಲ ಹತ್ರ ಒಂದು ಚಿಕ್ಕ ಟೈಂಪೀಸ್. ದಿನಾ ಸೈರನ್‌ಗೆ ಹೊಂದಿಸ್ತಿದ್ದೆ. ಮುಚ್ಚಳದೊಳಗೆ ಬರೆಯೋದು ಅದನ್ನ ನೋಡೇ."

"ಹದಿನೆಂಟು ವರ್ಷದಲ್ಲಿ ಒಂದು ಸಲಾನಾದ್ರೂ ಹೇಳಬಾರದಿತ್ತಾ?"

"ನೀನೆಲ್ಲಿ ಕೇಳ್ದೆ? ನಿಂಗೆ ಟೈಮಿನ ಚಿಂತೆ ಯಾವತ್ತಿತ್ತು?"

ಕೋರ್ಟಿನವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಇತ್ತೋ ಏನೋ, ನಮ್ಮೆದುರು ತೋರಿಸಲಿಲ್ಲ. "ತಪ್ಪು ಎಲ್ಲರೂ ಮಾಡ್ತಾರೆ. ನಾನೂ ಒಬ್ಬರ ವಾಚಿನ ಗಾಲಿ ಇನ್ನೊಬ್ಬರದ್ದಕ್ಕೆ ಹಾಕಿದ್ದೀನಿ. ಅವರು ಬಂದು ಬೈದ್ರು, ಬಿಚ್ಚಿ ಸರಿಮಾಡ್ದೆ. ಇವರಿಗೆ ಕೆಲಸ ಕಲಿಸಿದವರು ಸರಿ ಇಲ್ಲ ಅಷ್ಟೇ. ಬೆಸುಗೆ ಹಾಕೋಕೆ ಹೊರಟಿದ್ದಾರೆ." ಪಕ್ಕದ ಕೋಣೆಯವನ ಬಗ್ಗೆ ಅವನೇ ಹೇಳಿದ. "ಅವನು ಮಾಡಿರೋದು ನಿಜ, ಅವನೇ ಒಪ್ಕೋತಾನೆ. ಮೂರು ಜನ. ಆದ್ರೂ ಗೋಡೆಯಾಚೆ ಅವನು ಅಳೋದು ಕೇಳಿದ್ರೆ, ಇವನನ್ನೂ ಹೀಗೆ ಮಾಡಬಾರದು ಅನ್ಸತ್ತೆ ಕಣೋ. ಬಾಗಿಲು ಹಾಕಿ ಬೀಗ ಜಡೀಲಿ. ಬೀಗಕ್ಕೆ ಕೀ ಇರತ್ತೆ."

ಕೊನೆಯ ಭೇಟಿಯಲ್ಲಿ ಅವನು ಒಂದು ಗುಟ್ಟು ಹೇಳಿದ. ಅವನ ಕೋಣೆಯೆದುರಿನ ಮೊಗಸಾಲೆಯಲ್ಲೊಂದು ಹಳೆಯ ಗೋಡೆ ಗಡಿಯಾರವಿತ್ತು; ಅಲ್ಲಿ ಎಲ್ಲದರ ಹೊತ್ತೂ ಅದನ್ನು ನೋಡಿಯೇ. ಅದು ಹಿಂದೆ ಬೀಳುತ್ತಿದೆ ಎಂದು ಅಧಿಕಾರಿ ಅವನ ಕೈಗೆ ಕೊಟ್ಟು ನೋಡಲು ಹೇಳಿದ್ದರಂತೆ. "ಲೋಲಕದ ತಿರುಪು ಎರಡು ಸುತ್ತು ತಿರುಗಿಸಿದ್ರೆ ಸರಿಹೋಗತ್ತೆ. ದಿನಕ್ಕೆ ಹನ್ನೊಂದು ನಿಮಿಷ ಹಿಂದೆ ಹೋಗತ್ತೆ. ನನ್ನ ಕೈಲಾಗಲ್ಲ ಸ್ವಾಮಿ ಅಂದ್ಬಿಟ್ಟೆ." ಜಾಲರಿಯಾಚೆ ಕಣ್ಣು ಮಿಟುಕಿಸಿದ. "ಜೀವಮಾನದಲ್ಲೇ ಮೊದಲನೇ ಸಲ, ಬೇಕಂತಲೇ ಒಂದು ಗಡಿಯಾರಾನ ಕೆಟ್ಟಿರೋ ಹಾಗೇ ಬಿಟ್ಟಿದ್ದೀನಿ. ಹನ್ನೊಂದು ನಿಮಿಷ ಲಾಭ."

ಆ ದಿನ ನಾನೂ ಅಕ್ಕನೂ ಬೆಳಕು ಹರಿಯುವ ಮೊದಲೇ ಜೈಲಿನ ಗೇಟಿನೆದುರು ನಿಂತಿದ್ದೆವು. ಅಕ್ಕನ ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿ. ಐದೂವರೆಗೆ ಎಂದಿದ್ದರು. ಸಾಕ್ಷಿ ಹೇಳಿದ ಮೇಲೆ ಕೊಂಡುಕೊಂಡಿದ್ದ ನನ್ನ ಕೈಗಡಿಯಾರದಲ್ಲಿ ಐದೂವರೆಯಾಯಿತು. ಐದು ಮೂವತ್ತೊಂದಾಯಿತು. ನಾನು ಐದು ನಲವತ್ತೊಂದರವರೆಗೂ ಮುಳ್ಳನ್ನೇ ನೋಡುತ್ತ ನಿಂತೆ. ಆ ಹನ್ನೊಂದು ನಿಮಿಷ ಅವನಿಗೆ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಹತ್ತು ಗಂಟೆಗೆ ದೇಹ ಕೊಟ್ಟರು. ಎಡಗೈ ಹೆಬ್ಬೆರಳ ಉಗುರನ್ನು ಯಾರೋ ಕತ್ತರಿಸಿದ್ದರು.

ಅಂಗಡಿ ಖಾಲಿಯಾಯಿತು. ಅಲ್ಲೀಗ ಮೊಬೈಲಿನ ಕವರು ಮಾರುತ್ತಾರೆ. ಗಡಿಯಾರಗಳನ್ನು ಹೇಗೋ ಅವರವರಿಗೆ ಮುಟ್ಟಿಸಿದೆವು. ಯಾರೂ ಕೇಳದ ಒಂಬತ್ತು ಅಕ್ಕನ ಮನೆಯಲ್ಲಿವೆ. ಅವನ ಸಾಮಾನಿನ ಡಬ್ಬಿ ನನ್ನ ಮೇಜಿನ ಖಾನೆಯಲ್ಲಿದೆ.

ಹೋದ ವರ್ಷ ಒಂದು ಮಧ್ಯಾಹ್ನ, ಅರವತ್ತರ ಆಸುಪಾಸಿನ ಒಬ್ಬರು ಪ್ರೆಸ್ಸಿನ ಬಾಗಿಲಲ್ಲಿ ನಿಂತರು. ಕವರಿನ ಅಂಗಡಿಯವನು ಕಳಿಸಿದ್ದ.

"ಈ ಬೀದೀಲಿ ಒಬ್ಬರು ವಾಚ್ ರಿಪೇರಿಯವರಿದ್ರಲ್ಲ, ಕುಳ್ಳಗೆ, ಕಂದು ಕೋಟು. ಅಂಗಡಿ ಎಲ್ಲಿಗೆ ಬದಲಾಯಿಸಿದ್ರು? ಆರು ವರ್ಷದ ಹಿಂದೆ ಇದನ್ನ ನಿಂತ ಕಾಲಲ್ಲೇ ಮಾಡಿಕೊಟ್ಟಿದ್ರು. ಒಳ್ಳೆ ಕೈ. ಈಗ ಸ್ವಲ್ಪ ನಿಧಾನ ಹೋಗ್ತಿದೆ."

ನಾನು ಅವರನ್ನು ಕೂರಿಸಿದೆ. ಕುರ್ಚಿ ಎಳೆದುಕೊಟ್ಟದ್ದು ನೆನಪಿದೆ, ಏನು ಹೇಳಿದೆನೋ ನೆನಪಿಲ್ಲ. ವಾಚು ಕೊಡಿ ಎಂದು ಕೈಚಾಚಿದೆ. ಡಬ್ಬಿಯಿಂದ ಅವನದೇ ಚಾಕು ತೆಗೆದು ಮುಚ್ಚಳ ಎಬ್ಬಿಸಿದೆ. ಎರಡು ಸಲ ಜಾರಿತು. ಅವನ ಭೂತಗನ್ನಡಿ ಕಣ್ಣಿಗಿಟ್ಟುಕೊಂಡೆ. ಎರಡು ಗೀಟು. ತಾರೀಕು. ಪಕ್ಕದಲ್ಲಿ: 6-02.

ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು, ಕರಡು ಓದುವಂತೆ, ಮೂರು ಸಲ ಓದಿದೆ.

"ಅವತ್ತಿನದು ಏನಾದ್ರೂ ನೆನಪಿದೆಯಾ ನಿಮಗೆ?" ಎಂದೆ.

"ಇಲ್ಲದೆ ಏನು? ಆರೂವರೆ ರೈಲು. ನಾನು ಕಡಲಾಚೆ ಸೇತುವೆ ಕೆಲಸಕ್ಕೆ ಹೊರಟಿದ್ದೆ. ಇವರು ಚಿಮಟದಲ್ಲಿ ಏನೋ ಹಿಡ್ಕೊಂಡು ಉಸಿರು ಕಟ್ಟಿ ಕೂತಿದ್ದಾರೆ, ನಾನೂ ಉಸಿರು ಕಟ್ಟಿದ್ದೀನಿ, ಅಷ್ಟರಲ್ಲಿ ಒಂದು ಸೈರನ್ ಊದ್ತು ನೋಡಿ! ಎದ್ದು ನಿಂತ್ಬಿಟ್ಟೆ. ಇವರ ಕೈ ಒಂದು ಕೂದಲೆಳೆ ಅಲ್ಲಾಡಲಿಲ್ಲ. 'ಹೆದರ್ಬೇಡಿ ಸ್ವಾಮಿ, ಈ ಊರಲ್ಲಿ ಸರಿಯಾದ ಟೈಮ್ ಹೇಳೋದು ಅದೊಂದೇ' ಅಂದ್ರು." ಅವರು ನಕ್ಕರು. "ಮೂಲೇಲಿ ಇನ್ನೊಬ್ಬರು ಕೂತಿದ್ರು, ಕೆಂಪು ಪೆನ್ಸಿಲ್ ಹಿಡ್ಕೊಂಡು. ಆ ಗಲಾಟೇಲೂ ಪುಣ್ಯಾತ್ಮ ತಲೆ ಎತ್ತಲಿಲ್ಲ. ಕಿವುಡರೇನೋ ಅಂದ್ಕೊಂಡೆ."

ಹೇಳುತ್ತ ಹೇಳುತ್ತ ಅವರ ಕಣ್ಣು ನನ್ನ ಮೇಜಿನ ಕೆಂಪು ಪೆನ್ಸಿಲಿನ ಮೇಲೆ ಬಿತ್ತು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವರು ವಾಚನ್ನು ಮತ್ತೆ ಕಟ್ಟಿಕೊಳ್ಳಲಿಲ್ಲ. ಎರಡು ದಿನ ಪ್ರಯಾಣ ಮುಂದೂಡಿ, ವಕೀಲರ ಮುಂದೆ ಕೂತು, ಕಂಡದ್ದನ್ನೆಲ್ಲ ಬರೆಸಿ ಸಹಿ ಮಾಡಿ, ವಾಚನ್ನೂ ಅಲ್ಲೇ ಒಪ್ಪಿಸಿ ಹೋದರು. ಹೋಗುವಾಗ, "ಒಂದು ಪತ್ರಿಕೇನೂ ನಾನಿದ್ದ ಕಡೆ ಬರ್ತಿರಲಿಲ್ಲ" ಎಂದು ಎರಡು ಮೂರು ಸಲ ಹೇಳಿದರು. ಅವರ ತಪ್ಪೇನಿತ್ತು?

ವಕೀಲರು ಪ್ರಾಮಾಣಿಕರು. "ಹೊಸ ಸಾಕ್ಷಿ ಅಂತ ಅರ್ಜಿ ಹಾಕೋಣ. ಆದರೆ ಆಸೆ ಇಟ್ಕೋಬೇಡಿ. ಜೀವಾವಧಿ ಆಗಿದ್ದಿದ್ರೆ ನಾಳೆ ಬೆಳಿಗ್ಗೆ ಜೈಲಿನ ಬಾಗಿಲಿಗೆ ಹೋಗಿ ನಿಂತ್ಕೋತಿದ್ದೆ" ಎಂದರು. ಹಾಕಿದೆವು. ಎಂಟು ತಿಂಗಳ ನಂತರ ಕೋರ್ಟಿನ ಕಚೇರಿಯಿಂದ ಒಂದು ಪುಟದ ಉತ್ತರ ಬಂತು. ಅದನ್ನು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಎಪ್ಪತ್ತಾದರೂ ಸಮವಸ್ತ್ರ ಹೊಲಿಯುವುದು ಬಿಟ್ಟಿಲ್ಲ. ಗೋಡೆಯ ಮೇಲೆ ಆ ಒಂಬತ್ತು ಗಡಿಯಾರಗಳು. ಕೀಲಿ ಕೊಡುವವರಿಲ್ಲದೆ ಎಲ್ಲವೂ ನಿಂತಿವೆ. ಸೂಟ್‌ಕೇಸಿನವರು ಬಂದ ದಿನವೇ ಅಕ್ಕನಿಗೆ ಹೇಳಿದ್ದೆ. ಅವತ್ತು ಅವರು ಅಳಲಿಲ್ಲ. "ನಂಗೆ ಮೊದಲೇ ಗೊತ್ತಿತ್ತು ಅನ್ನೋಕೂ ನಂಗೆ ಬಾಯಿಲ್ಲ ನೋಡು. ಒಂದು ಸಲ ಕೇಳ್ಬಿಟ್ಟಿದ್ದೀನಲ್ಲ ಅವನನ್ನ" ಎಂದಷ್ಟೇ ಹೇಳಿದ್ದರು.

"ಓದು" ಎಂದರು ಈಗ.

ಓದಿದೆ. 'ತಮ್ಮ ಅರ್ಜಿಯನ್ನು ಪರಿಶೀಲಿಸಲಾಯಿತು. ನಿಯಮದಂತೆ, ಶಿಕ್ಷೆಗೊಳಗಾದ ವ್ಯಕ್ತಿಯು ಖುದ್ದಾಗಿ ಸಹಿ ಮಾಡಿ ಸಲ್ಲಿಸಿದಲ್ಲಿ ಮಾತ್ರ ಇಂಥ ಅರ್ಜಿಯನ್ನು ಸ್ವೀಕರಿಸಬಹುದಾಗಿದೆ. ಆದ್ದರಿಂದ ಹಿಂದಿರುಗಿಸಲಾಗಿದೆ.' ಒಂದು ಅಕ್ಷರದೋಷವೂ ಇರಲಿಲ್ಲ. ಅಭ್ಯಾಸಬಲದಿಂದ ಹುಡುಕಿದ್ದೆ.

ಅಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಆಮೇಲೆ ನಕ್ಕರು. ಥೇಟ್ ಅವನ ನಗು. ನಾನು ಅದನ್ನು ಕೇಳಿ ವರ್ಷಗಳಾಗಿತ್ತು.

"ಬರ್ತಾನೆ ಅಂತ ಬರಿ. ಎಷ್ಟು ಗಂಟೆಗೆ ಅಂತ ಮಾತ್ರ ನಮ್ಮನ್ನ ಕೇಳ್ಬೇಡಿ ಅನ್ನು."

ನಗು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಅವರು ಮತ್ತೆ ಯಂತ್ರ ತುಳಿಯಲು ಶುರುಮಾಡಿದರು. ನಾನು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಅಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಮಿಲ್ಲಿನ ಸೈರನ್ ಊದಿತು. ಈಗ ನನಗೆ ಅದು ದಿನಾ ಕೇಳುತ್ತದೆ. ತಲೆ ಎತ್ತುತ್ತೇನೆ, ಪೆನ್ಸಿಲ್ ಕೆಳಗಿಡುತ್ತೇನೆ, ಮುಗಿಯುವವರೆಗೂ ಹಾಗೇ ಇರುತ್ತೇನೆ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ.